ಇಪ್ಪತ್ತಕ್ಕೊಂದು ಪಾಲು

ಶೇಕಡಾ ಅಂದರೆ ನೂರು ಇರಲೇಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ಇಂಥ ನಂಬಿಕೆಗಳನ್ನು ನಾನು ಸ್ವಂತ ಪರಿಶ್ರಮದಿಂದಲೇ ಸಂಪಾದಿಸಿಕೊಂಡವನು. ಬಣ್ಣದಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಗಿರಾಕಿ ಬಂದು ಬಚ್ಚಲುಮನೆಯ ಗೋಡೆಗೆ ಒಂದು ಲೀಟರ್ ಬಣ್ಣ ಕೇಳಿದರು. ಡಬ್ಬಿ ಎತ್ತಿ ನೋಡಿದೆ. ‘ನೀರು ಶೇ. 25 ಬೆರೆಸಿ’ ಎಂದಿತ್ತು.

“ಸಾರ್, ಇದು ನೂರು ಲೀಟರ್ ತಗೊಳ್ಳೋರಿಗೆ ಮಾತ್ರ,” ಎಂದೆ, ತಜ್ಞನ ಮುಖ ಮಾಡಿಕೊಂಡು. “ನೂರಕ್ಕೆ ಇಪ್ಪತ್ತೈದು ನೀರು ಅಂತ ಬರೆದಿದ್ದಾರೆ. ಒಂದು ಲೀಟರಿಗೆ ಎಷ್ಟು ಅಂತ ಹೇಳೇ ಇಲ್ಲ.”

“ನನ್ನ ಬಚ್ಚಲಲ್ಲಿ ನೂರು ಲೀಟರ್ ನೀರೇ ಹಿಡಿಯಲ್ಲಪ್ಪ,” ಎಂದರು ಅವರು.

ಹಿಂದಿನಿಂದ ಒಂದು ನಗು ಬಂತು. ಬಹಳ ದಿನದಿಂದ ತೆರೆಯದ ಡಬ್ಬಿಯ ಮುಚ್ಚಳ ಎಬ್ಬಿಸಿದ ಹಾಗೆ, ಮೊದಲು ಕಿರ್ರೆಂದು, ಆಮೇಲೆ ಫಟ್ಟೆಂದು. “ಯಜಮಾನ್ರೇ, ಎಲ್ಲಿಂದ ಹಿಡ್ಕೊಂಡು ಬಂದ್ರಿ ಈ ನೂರಪ್ಪನ್ನ?”

ಅಂದಿನಿಂದ ಅಂಗಡಿಯಲ್ಲಿ ನನ್ನ ಹೆಸರು ನೂರಪ್ಪ. ಹಾಗೆ ಹೆಸರಿಟ್ಟವರು ಪಾಲಕ್ಕ. ಅದೂ ಹೆತ್ತವರಿಟ್ಟ ಹೆಸರೇನಲ್ಲ. ಯಾವ ಬಣ್ಣ ಕೇಳಿದರೂ “ಎಷ್ಟು ಪಾಲು?” ಎಂದೇ ಶುರು ಮಾಡುತ್ತಿದ್ದರಿಂದ ಪೇಂಟರುಗಳು ಹಾಗೆ ಕರೆದು, ಕರೆದು, ಕೊನೆಗೆ ಯಜಮಾನರಿಗೂ ನಿಜವಾದ ಹೆಸರು ಮರೆತುಹೋಗಿತ್ತು.

ನಮ್ಮ ಅಂಗಡಿ ಉದ್ದಕ್ಕೆ, ಕಿರಿದಾಗಿ, ರೈಲಿನ ಬೋಗಿಯಂತಿತ್ತು. ಎರಡೂ ಬದಿ ಸೂರಿನವರೆಗೆ ಡಬ್ಬಿಗಳು. ಕೊನೆಯಲ್ಲಿ ಬಣ್ಣ ಬೆರೆಸುವ ಯಂತ್ರ, ಅದರ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಲೋಟಗಳು. ಮೇಜಿನ ಹಿಂದೆ ಪಾಲಕ್ಕ. ತೆಳ್ಳಗಿನ ಹೆಂಗಸು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಉಗುರಿನ ಸಂದಿಯಲ್ಲಿ ಆ ದಿನದ ಬಣ್ಣ. ಅವರ ಉಗುರು ನೋಡಿದರೆ ಊರಿನ ಯಾವುದೋ ಮನೆಯ ಗೋಡೆ ಇವತ್ತು ಏನಾಯಿತೆಂದು ತಿಳಿಯುತ್ತಿತ್ತು.

ಯಂತ್ರಕ್ಕೆ ವಾರಕ್ಕೊಮ್ಮೆಯಾದರೂ ಮೂಗು ಕಟ್ಟಿಕೊಳ್ಳುತ್ತಿತ್ತು. ಆಗ ಅದು ಪರದೆಯ ಮೇಲೆ ಕಪ್ಪು ಇಷ್ಟು ಪರ್ಸೆಂಟ್, ಹಳದಿ ಇಷ್ಟು ಪರ್ಸೆಂಟ್ ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಮಿಕ್ಕಿದ್ದು ಪಾಲಕ್ಕನ ಲೋಟಗಳ ಕೆಲಸ. ಲೋಟಗಳಿಗೆ ಪರ್ಸೆಂಟ್ ಗೊತ್ತಿರಲಿಲ್ಲ. ಅವುಗಳಿಗೆ ಗೊತ್ತಿದ್ದದ್ದು ಅರ್ಧ, ಕಾಲು, ಅರೆಕಾಲು.

“ಮೇಲೆ ಇಪ್ಪತ್ತೈದು ಬರಿ, ಕೆಳಗೆ ನೂರು ಬರಿ,” ಎಂದರು ಪಾಲಕ್ಕ, ಅಂದು ಬಚ್ಚಲಿನ ಗಿರಾಕಿ ಹೋದ ಮೇಲೆ. “ಈಗ ಎರಡನ್ನೂ ಒಂದೇ ಕತ್ತೀಲಿ ಕಡಿ.”

“ಯಾವ ಕತ್ತಿ ಅಕ್ಕಾ?”

“ನಿನ್ನ ತಲೆಯಷ್ಟು ಮೊಂಡಲ್ಲದ್ದು ಯಾವುದಾದ್ರೂ. ಐದರಿಂದ ಕಡಿ.”

“ಐದು. ಕೆಳಗೆ ಇಪ್ಪತ್ತು.”

“ಇನ್ನೊಂದ್ಸಲ.”

“ಒಂದು. ಕೆಳಗೆ ನಾಲ್ಕು.”

“ಇನ್ನೂ ಕಡಿಯೋಕಾಗುತ್ತಾ? ಆಗಲ್ಲ. ಅಲ್ಲಿಗೆ ನಿಲ್ಲು. ನಾಲ್ಕು ಲೋಟ ಬಣ್ಣಕ್ಕೆ ಒಂದು ಲೋಟ ನೀರು. ಒಂದು ಲೀಟರಿಗೂ ಅಷ್ಟೇ, ಸಮುದ್ರಕ್ಕೂ ಅಷ್ಟೇ.”

ಹನ್ನೆರಡೂವರೆ ಪರ್ಸೆಂಟ್ ಬಂದರೆ ನಾನು ಬೆವರುತ್ತಿದ್ದೆ. “ಅರ್ಧದ ಬಾಲ ಇದ್ರೆ ಮೊದಲು ಎರಡನ್ನೂ ದುಪ್ಪಟ್ಟು ಮಾಡಿ ಬಾಲ ಕಿತ್ತುಹಾಕು. ಇಪ್ಪತ್ತೈದು, ಇನ್ನೂರು. ಈಗ ಕಡಿ.” ಕಡಿದರೆ ಎಂಟಕ್ಕೊಂದು ಬರುತ್ತಿತ್ತು. ನೋಡನೋಡುತ್ತಿದ್ದಂತೆ ಇನ್ನೂರರಂಥ ಸಂಖ್ಯೆ ಎಂಟಾಗಿ ಕುಗ್ಗುವುದು ನನಗೆ ಕಣ್ಕಟ್ಟಿನ ಹಾಗೆ ಕಾಣುತ್ತಿತ್ತು. ಮೂವತ್ತಮೂರು ಚಿಲ್ಲರೆ ಮಾತ್ರ ಪಾಲಕ್ಕನಿಗೆ ಆಗಿಬರುತ್ತಿರಲಿಲ್ಲ. “ಮೂರಕ್ಕೊಂದು ಅಂತ ಬಾಯಿ ಬಿಟ್ಟು ಹೇಳೋ ಬದಲು ನೂರರೊಳಗೆ ತುರುಕಿದ್ದಾರೆ ನೋಡು. ಎಷ್ಟು ತುರುಕಿದ್ರೂ ಒಂದು ಚೂರು ಹೊರಗೇ ಉಳಿಯುತ್ತೆ. ಅದು ಮುಗಿಯೋದೇ ಇಲ್ಲ,” ಎನ್ನುತ್ತಿದ್ದರು. ಆ ಕೊನೆಯ ಮಾತು ಹೇಳುವಾಗ ಅವರ ದನಿ ಯಾಕೋ ತಗ್ಗುತ್ತಿತ್ತು.

ಹಾಗಂತ ಅವರು ತಪ್ಪೇ ಮಾಡದವರೇನಲ್ಲ. ಒಮ್ಮೆ ಹಲ್ಲಿನ ಡಾಕ್ಟರ ಆಸ್ಪತ್ರೆಗೆ ತಿಳಿಹಳದಿ ಬೆರೆಸುವಾಗ ಆರೂಕಾಲು ಪರ್ಸೆಂಟನ್ನು ಅರವತ್ತೆರಡೂವರೆ ಎಂದು ಓದಿದರು. ಚುಕ್ಕಿ ಒಂದು ಮನೆ ಆಚೆ ಸರಿದು ಕೂತಿತ್ತು, ಅಷ್ಟೇ. ಹದಿನಾರಕ್ಕೊಂದು ಹಾಕಬೇಕಾದ ಜಾಗದಲ್ಲಿ ಎಂಟಕ್ಕೈದು ಬಿತ್ತು. ಹಲ್ಲಿನ ಡಾಕ್ಟರ ಗೋಡೆ, ಹುಟ್ಟಿದಾಗಿನಿಂದ ಹಲ್ಲುಜ್ಜದವರ ಹಲ್ಲಿನ ಬಣ್ಣಕ್ಕೆ ಬಂತು. ಯಜಮಾನರು ಒಂದು ವಾರ ಆ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದರು.

ಪಾಲಕ್ಕನ ಮನೆಗೆ ನಾನು ಮೊದಲು ಹೋದದ್ದು ರಜೆಯ ದಿನ, ಏಣಿ ಹೊತ್ತುಕೊಂಡು. “ಒಂದು ಗೋಡೆ ಬಳಿಯೋದಿದೆ, ಕೈ ಜೋಡಿಸ್ತೀಯೇನೋ?” ಎಂದಿದ್ದರು. ಮಧ್ಯಾಹ್ನದ ಊಟ ಅಲ್ಲೇ ಆಗುತ್ತದೆಂದು ನಾನು ಒಪ್ಪಿದೆ. ನನ್ನ ಪರೋಪಕಾರಕ್ಕೆ ಸಾಧಾರಣವಾಗಿ ಇಂಥ ಕಾರಣಗಳೇ ಇರುತ್ತವೆ.

ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಅದರಾಚೆ ಅಡುಗೆಮನೆ, ಒಂದು ಪುಟ್ಟ ಮಲಗುವ ಕೋಣೆ. ಕಿಟಕಿಯ ಪಕ್ಕ ಒಂದು ಎಳೆ ಹಳದಿಯ ಸಣ್ಣ ಮಂಚ. ಮೊಮ್ಮಗಳಿಗೆಂದು ಪಾಲಕ್ಕ ತಾವೇ ಬಣ್ಣ ಹಚ್ಚಿ ಇಟ್ಟದ್ದು. ಮಗಳು ಮಗುವನ್ನು ಕರೆದುಕೊಂಡು ಬಂದು ಇಲ್ಲೇ ಇರುತ್ತಾಳೆ, ಇವತ್ತಲ್ಲ ನಾಳೆ ಎಂದು ಅಂಗಡಿಯಲ್ಲಿ ದಿನಕ್ಕೊಮ್ಮೆ ಹೇಳುತ್ತಿದ್ದರು. ಮಂಚದ ಮೇಲೆ ಹಾಸಿಗೆ ಹಾಸಿತ್ತು. ಅದರ ಮೇಲೆ ಯಾರೂ ಮಲಗಿದ ಸುಕ್ಕಿರಲಿಲ್ಲ.

ಎದುರಿನ ಗೋಡೆ ಹೊಗೆಬಣ್ಣದ್ದು. ಆಳಿನ ಎತ್ತರಕ್ಕಿಂತ ಕೆಳಗೆ, ಕೂತವರ ತಲೆ ತಾಗುವಲ್ಲಿ, ಒಂದು ದುಂಡನೆಯ ಕಪ್ಪು ಜಿಡ್ಡು. ಅದರ ಕೆಳಗೆ ಎರಡೂ ಬದಿಗೆ ಇಳಿಜಾರಾಗಿ ಇನ್ನೊಂದು ಮಸುಕು. ಒಂದು ಸಲ ನೋಡಿದರೆ ಕಲೆ. ಎರಡನೇ ಸಲ ನೋಡಿದರೆ ತಲೆ, ಹೆಗಲು. ಮೂರನೇ ಸಲ ನಾನು ನೋಡಲಿಲ್ಲ.

“ನಮ್ಮನೆಯವರು,” ಎಂದರು ಪಾಲಕ್ಕ, ಒಳಗಿಂದ ಎದ್ದು ಬಂದವರನ್ನು ಪರಿಚಯ ಮಾಡಿಕೊಡುವವರ ಹಾಗೆ.

ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಆ ಗೋಡೆಗೆ ಒತ್ತಿಕೊಂಡು ಒಂದು ಮೋಟು ಸ್ಟೂಲು, ಎದುರಿಗೆ ಬಿಚ್ಚಿಟ್ಟ ಯಂತ್ರ. ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಳ್ಳಬೇಡಿ ಎಂದರೆ ತಲೆಗೆ ಒರೆಸಿಕೊಳ್ಳುತ್ತಿದ್ದರು. ದಣಿವಾದಾಗ ತಲೆಯನ್ನು ಗೋಡೆಗೆ ಒರಗಿಸುತ್ತಿದ್ದರು. ಬಣ್ಣದಂಗಡಿಯ ಹೆಂಗಸಿನ ಮನೆಯ ಗೋಡೆ ಹೀಗಿದ್ದರೆ ಜನ ಏನಂದಾರು? ಪಾಲಕ್ಕ ಬಳಿಯುವುದು, ಅವರು ಒರಗುವುದು. ಇವರು ಬೈಯುವುದು, ಅವರು “ಹೂಂ” ಎನ್ನುವುದು. ಸಂಸಾರ ಪೂರ್ತಿ ಹೀಗೇ ನಡೆಯಿತು.

“ಒಂದಿನ ಅಂಗಡಿಯಿಂದ ಬಂದೆ,” ಎಂದರು ಪಾಲಕ್ಕ, ಬಣ್ಣ ಕಲಕುತ್ತಾ. “ಕಣ್ಣು ಮುಚ್ಕೊಂಡು ಒರಗಿದ್ರು. ನಂಗೆ ರೇಗಿಹೋಯ್ತು. ಮೊನ್ನೆ ಮೊನ್ನೆ ಬಳಿದಿದ್ದೀನಿ, ತಲೆ ತೆಗೀರಿ ಗೋಡೆಯಿಂದ ಅಂದೆ. ಹೂಂ ಅನ್ನಲಿಲ್ಲ. ಚೀಲ ಇಟ್ಟು, ಕಾಲು ತೊಳ್ಕೊಂಡು ಬಂದು, ಮತ್ತೆ ಅಂದೆ. ಕಿವಿ ಕೇಳಿಸಲ್ವಾ ಅಂತ ಕೂಗಿದೆ. ಆಮೇಲೆ ಹೆಗಲು ಮುಟ್ಟಿದೆ.”

ಬಣ್ಣ ಕಲಕುವುದು ನಿಲ್ಲಲಿಲ್ಲ. “ಆ ಹೊತ್ತಿಗೆ ತಣ್ಣಗಾಗಿ ಎಷ್ಟು ಹೊತ್ತಾಗಿತ್ತೋ. ನಾನು ಬೈತಾನೇ ಇದ್ದೆ.”

ಏಣಿಯನ್ನು ಬೇಡವಾದ ಕಡೆ ಒರಗಿಸಿ, ಮತ್ತೆ ಬೇಕಾದ ಕಡೆ ಒರಗಿಸಿದೆ.

ಗೋಡೆಯ ಚಕ್ಕೆಯೊಂದನ್ನು ಅಂಗಡಿಯ ಯಂತ್ರಕ್ಕೆ ತೋರಿಸಿ ಬಣ್ಣ ತಂದಿದ್ದರು. ಡಬ್ಬಿಯ ಮೇಲೆ ‘ನೀರು ಶೇ. 40’ ಎಂದಿತ್ತು. “ಹೇಳೋ ನೂರಪ್ಪ.” ಎರಡನ್ನೂ ಇಪ್ಪತ್ತರಿಂದ ಕಡಿದೆ. ಐದಕ್ಕೆರಡು. “ಪರವಾಗಿಲ್ಲ, ನೂರರಿಂದ ಐದಕ್ಕಿಳಿದೆ. ಹೀಗೇ ಇಳೀತಾ ಇಳೀತಾ ಮನುಷ್ಯ ಆಗ್ತೀಯ.” ಐದು ಲೋಟಕ್ಕೆ ಎರಡು ಲೋಟ ನೀರು, ಸರಿಯಾಗಿ ಸುರಿದರು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿಹಿಡಿದು ನೋಡಿ ಸುರಿಯುವುದು ಅವರ ರೀತಿ. ಒಂದು ಹನಿ ಹೆಚ್ಚಾದರೆ ಬೆರಳಿನಿಂದ ಎತ್ತಿ ಎಸೆಯುತ್ತಿದ್ದರು.

ಬಳಿದೆವು. ಇಡೀ ಗೋಡೆ ಒಂದೇ ಬಣ್ಣವಾಯಿತು. ಊಟ ಮಾಡಿದೆವು. ಕಿಟಕಿಯಿಂದ ಬಿಸಿಲು ಒಳಗೆ ಬಂದು ಗೋಡೆ ಮೂಲೆಯಿಂದ ಒಣಗತೊಡಗಿತು. ಒದ್ದೆ ಹೊಳಪು ಅಂಚಿನಿಂದ ಒಳಕ್ಕೆ, ಒಳಕ್ಕೆ ಸರಿಯುತ್ತಾ ಬಂತು. ಕೊನೆಗೆ ಎಲ್ಲ ಕಡೆ ಆರಿತು, ಒಂದು ಕಡೆ ಬಿಟ್ಟು. ಅಲ್ಲಿ ಹೊಳಪು ಹಾಗೇ ನಿಂತಿತು, ದುಂಡಗೆ. ನಾವು ನೋಡುತ್ತಿದ್ದಂತೆ ಹೊಸ ಬಣ್ಣದ ಒಳಗಿನಿಂದ ಹಳೆಯ ಕಪ್ಪು, ಬಾಗಿಲ ಪರದೆಯ ಹಿಂದೆ ಯಾರೋ ಬಂದು ನಿಂತ ಹಾಗೆ, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಂತು.

“ಬಂದ್ರಾ?” ಎಂದರು ಪಾಲಕ್ಕ.

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಹೆದರಿಕೆಯನ್ನೆಲ್ಲ ನಾನೊಬ್ಬನೇ ವಹಿಸಿಕೊಂಡಿದ್ದೆ. ಹಗಲು ಹೊತ್ತು, ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು, ಆದರೂ ನನ್ನ ಬೆನ್ನ ಮೇಲೆ ಯಾರೋ ತಣ್ಣಗಿನ ಬ್ರಷ್ ಎಳೆದಂತಾಯಿತು.

“ಏನು ಮಾಡಿದ್ರೂ ಬರ್ತಾರೆ ಕಣೋ. ನಾನೂ ಬಳಿದೂ ಬಳಿದೂ ಸಾಕಾಯ್ತು,” ಎಂದರು. ನಾನು ನಂಬಿದೆ. ಮೆಟ್ಟಿಲಿಳಿಯುವಾಗ ಬಲಗಾಲಿಗೆ ಎಡಗಾಲಿನ ಚಪ್ಪಲಿ ಹಾಕಿಕೊಂಡಿದ್ದೇನೆ ಎಂಬುದು ಬಸ್ ನಿಲ್ದಾಣದಲ್ಲಿ ತಿಳಿಯಿತು.

ಮಗಳು ಅಂಗಡಿಗೇ ಬಂದದ್ದು ಮುಂದಿನ ತಿಂಗಳು. ಅಳಿಯ ಹಡಗಿನಲ್ಲಿ ಕೆಲಸದವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಮಗಳಿಗೆ ಈ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಪಾಲಕ್ಕನ ಮುಖ ಅರಳಿ, ಕೈಯಲ್ಲಿದ್ದ ಲೋಟದಿಂದ ನೀಲಿ ಹೊರಚೆಲ್ಲಿತು.

“ಮಂಚಕ್ಕೆ ಹಾಸಿಗೆ ಹಾಕಿಟ್ಟಿದ್ದೀನಿ ಕಣೇ. ನಾಳೆನೇ ಬಂದುಬಿಡಿ.”

“ಅಮ್ಮ, ನೇರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಕಲೆ ಇರೋ ತನಕ ನಾವು ಬರಲ್ಲ.”

“ಕಲೆ ಅನ್ನಬೇಡ. ನಿಮ್ಮಪ್ಪ ಒರಗಿದ ಜಾಗ ಅದು.”

“ಅದಕ್ಕೇ ಹೇಳ್ತಿರೋದು. ಹೋದ ಸಲ ಬಂದಾಗ ಪುಟ್ಟಿ ಗೋಡೆ ಕಡೆ ತಿರುಗಿ ಟಾಟಾ ಮಾಡಿದಳು. ಅವಳು ಹುಟ್ಟೋ ಮೊದಲೇ ಅಪ್ಪ ಹೋಗಿದ್ರು. ಯಾರಿಗೆ ಮಾಡಿದೆ ಅಂದ್ರೆ, ಕೂತಿದ್ದಾರಲ್ಲ ಅಂತಾಳೆ.”

ಯಂತ್ರ ಗುನುಗುವುದನ್ನು ನಿಲ್ಲಿಸಿತೆಂದು ನನಗನ್ನಿಸಿತು. ಬಹುಶಃ ಮತ್ತೆ ಮೂಗು ಕಟ್ಟಿತ್ತು.

“ಮಕ್ಕಳು ಏನೇನೋ ಹೇಳ್ತಾವೆ.”

“ಮಕ್ಕಳು ಹೇಳಿದ್ದು ಬಿಡು. ನಂಗೇ ನಿದ್ದೆ ಬರಲಿಲ್ಲ. ಪಕ್ಕದ ಊರಲ್ಲೇ ಬಾಡಿಗೆ ಮನೆ ಇದೆ, ಮಗು ನೋಡ್ಕೊಳ್ಳೋಕೆ ಅತ್ತೆ ಬರ್ತೀನಿ ಅಂದಿದ್ದಾರೆ. ನಿನ್ನ ಜೊತೆ ಇರೋಣ ಅಂತ ಆಸೆ ನಂಗೆ. ಆದ್ರೆ ಆ ಗೋಡೆ ಜೊತೆ ಇರೋಕಾಗಲ್ಲ.”

“ನಾನೇನು ಬಳಿದಿಲ್ವಾ? ಮತ್ತೆ ಮತ್ತೆ ಬರುತ್ತೆ, ಏನು ಮಾಡಲಿ?”

ಆಗ ಯಜಮಾನರು ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ತಲೆಯೆತ್ತಿದರು. “ಪಾಲಕ್ಕ, ತಮಾಷೆ ಮಾಡ್ತಿದ್ದೀರಾ? ಜಿಡ್ಡಿನ ಕಲೆ ಮೇಲೆ ನೀರಿನ ಬಣ್ಣ ಬಳಿದ್ರೆ ಬರದೆ ಇನ್ನೇನು? ಕಲೆ ತಡೆಯೋ ಪ್ರೈಮರ್ ಇಲ್ವಾ ನಮ್ಮಲ್ಲಿ? ಊರಿನ ಅಡುಗೆಮನೆಗೆಲ್ಲ ನೀವೇ ಹೇಳಿ ಹೇಳಿ ಮಾರ್ತೀರಿ. ಒಂದೇ ಕೋಟು, ಮತ್ತೆ ಅದರಪ್ಪನೂ ಹೊರಗೆ ಬರಲ್ಲ ಅಂತೀರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀವೇ!”

ನನ್ನ ಬಗ್ಗೆ ಈಗ ಏನು ಹೇಳಲಿ? ಪಾಲಕ್ಕನ ಗೋಡೆ ಬಳಿದ ವಾರವೇ ಆ ಪ್ರೈಮರನ್ನು ನಾನು ಮಾರಿದ್ದೆ. ಕಲೆ ಕಂಡ ದಿನ ಅದು ನೆನಪಾಗಿರಲಿಲ್ಲ. ದೆವ್ವ ಎಂದರೆ ತಟ್ಟನೆ ನಂಬುವ ತಲೆಗೆ ಪ್ರೈಮರ್ ಎಂದರೆ ಹೊತ್ತು ಹಿಡಿಯುತ್ತದೆ.

ಯಜಮಾನರು ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು “ಇದು ನನ್ನ ಲೆಕ್ಕಕ್ಕಿರಲಿ” ಎಂದರು. ಪಾಲಕ್ಕ ಅದನ್ನು ನೋಡಿದರು. ತೊಳೆದೇ ಇದ್ದ ಒಂದು ಲೋಟವನ್ನು ಎತ್ತಿಕೊಂಡು ಒರೆಸಿದರು, ಮತ್ತೆ ಒರೆಸಿದರು.

“ಭಾನುವಾರ ಬಾ,” ಎಂದರು ಮಗಳಿಗೆ. “ನಿನ್ನ ಕಣ್ಣೆದುರೇ ಬಳೀತೀನಿ.”

ಭಾನುವಾರ ಬೆಳಿಗ್ಗೆ ನಾನು ಹೋದಾಗ ಕಿಟಕಿಗಳೆಲ್ಲ ತೆರೆದಿದ್ದವು. ಮಗಳು ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಪುಟ್ಟಿ ಹಳದಿ ಮಂಚದ ಮೇಲೆ ಕಾಲಾಡಿಸುತ್ತಾ ಕೂತಿತ್ತು. ಪಾಲಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಡಬ್ಬಿಯ ಮುಚ್ಚಳ ಎಬ್ಬಿಸಿದರು, ಪ್ರೈಮರನ್ನು ತೆಳುವಾಗಿಸುವ ಥಿನ್ನರ್ ಬಾಟಲಿ ತೆಗೆದರು, ಲೋಟ ಹುಡುಕಿದರು. ದೊಡ್ಡ ಲೋಟ ಸಿಕ್ಕಿತು. ಅದರ ತುಂಬ ಸುರಿದು ಡಬ್ಬಿಗೆ ಹೊಯ್ದರು. ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಲಿಲ್ಲ.

ಮೊದಲ ಎಳೆಯಲ್ಲೇ ಬ್ರಷ್ಷಿನಿಂದ ಬಿಳಿ ನೀರಿನ ಹಾಗೆ ಮೊಣಕೈವರೆಗೆ ಇಳಿಯಿತು. ಅಂಗಡಿಯಲ್ಲಿ ನಾನು ನೋಡಿದ್ದ ಪ್ರೈಮರ್ ಕೆನೆಯ ಹಾಗಿರುತ್ತಿತ್ತು. ಕೆಲಸವಿಲ್ಲದೆ ನಿಂತವನು ಡಬ್ಬಿಯ ಮೈ ಓದಿದೆ. ‘ಥಿನ್ನರ್ ಶೇ. 5 ಮೀರದಂತೆ’. ಮೇಲೆ ಐದು, ಕೆಳಗೆ ನೂರು. ಐದರಿಂದ ಕಡಿದೆ. ಒಂದು, ಇಪ್ಪತ್ತು. ಇಪ್ಪತ್ತಕ್ಕೊಂದು. ಒಂದು ಲೀಟರ್ ಡಬ್ಬಿಗೆ ಅಂಗಡಿಯ ಸಾಲಿನ ಕೊನೆಯ ಲೋಟ ಸಾಕಿತ್ತು, ಕೆಮ್ಮಿನ ಔಷಧಿ ಕುಡಿಯುವಷ್ಟು ಸಣ್ಣದು. ಹೊಯ್ದದ್ದು ಡಬ್ಬಿಯ ಐದಕ್ಕೊಂದು.

ನನ್ನ ಲೆಕ್ಕವೇ ತಪ್ಪಿರಬೇಕು ಎಂದುಕೊಂಡೆ. ಸಾಧಾರಣವಾಗಿ ತಪ್ಪುವುದು ಅದೇ. ಇನ್ನೊಂದು ದಾರಿಯಿಂದ ಬಂದೆ. ಹತ್ತು ಪರ್ಸೆಂಟ್ ಅಂದರೆ ಹತ್ತಕ್ಕೊಂದು, ಐದು ಅಂದರೆ ಅದರ ಅರ್ಧ, ಇಪ್ಪತ್ತಕ್ಕೊಂದು. ಯಾವ ದಾರಿ ಹಿಡಿದರೂ ಅದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಬಾಯಿ ತೆರೆದೆ. ಪಾಲಕ್ಕ ತಿರುಗಿ ನನ್ನನ್ನೊಮ್ಮೆ ನೋಡಿದರು. ಬಾಯಿ ಮುಚ್ಚಿದೆ.

ಹಸಿಯಾಗಿದ್ದಾಗ ಬಿಳಿ ಬಿಳಿಯೇ. ಕಲೆ ಮುಚ್ಚಿತು. ಅದರ ಮೇಲೆ ಹೊಗೆಬಣ್ಣವೂ ಏರಿತು. ಮಗಳು ಹತ್ತಿರ ಬಂದು ಗೋಡೆಯನ್ನು ಎಡದಿಂದ, ಬಲದಿಂದ, ಬಗ್ಗಿ, ನಿಂತು ನೋಡಿದಳು. “ಹೋಯ್ತಮ್ಮ! ನಿಜವಾಗ್ಲೂ ಹೋಯ್ತು!” ಎಂದು ಅಮ್ಮನನ್ನು ತಬ್ಬಿಕೊಂಡಳು, ಸೆರಗಿಗೆ ಬಣ್ಣ ಮೆತ್ತಿಕೊಂಡದ್ದೂ ತಿಳಿಯದೆ. ಪಾಲಕ್ಕ ಬ್ರಷ್ ಹಿಡಿದ ಕೈಯನ್ನು ದೂರ ಚಾಚಿ, ಇನ್ನೊಂದು ಕೈಯಿಂದ ಮಗಳ ಬೆನ್ನು ಸವರಿದರು. ಬಹಳ ಹೊತ್ತು ಸವರಿದರು.

ಬುಧವಾರ ಸಾಮಾನು ತರುವುದೆಂದು ಮಾತಾಯಿತು. ವಾಸನೆಗೆ ಮಗು ಕೆಮ್ಮುತ್ತಿದೆ, ಮುಂದಿನ ಬಸ್ಸಿಗೇ ಹೊರಡುತ್ತೇವೆ ಎಂದಳು ಮಗಳು. ಹೊರಡುವಾಗ ಪುಟ್ಟಿ ಅವಳ ಹೆಗಲ ಮೇಲಿಂದ ಗೋಡೆಯ ಕಡೆ ತಿರುಗಿ ಕೈಯೆತ್ತಿತು. ಎತ್ತಿದ ಕೈಯನ್ನು ಬೀಸಲಿಲ್ಲ. ಗೋಡೆಯ ಉದ್ದಕ್ಕೂ ಹುಡುಕಿತು. ಆಮೇಲೆ ಮೆಲ್ಲಗೆ ಕೈ ಇಳಿಸಿ ತಾಯಿಯ ಕೂದಲು ಹಿಡಿದುಕೊಂಡಿತು. ಮಗಳು ಅದನ್ನು ಕಾಣಲಿಲ್ಲ. ಪಾಲಕ್ಕ ಕಂಡರು.

ಹೆಜ್ಜೆಗಳು ಮೆಟ್ಟಿಲಿಳಿದು ಬೀದಿಯಲ್ಲಿ ಕರಗಿದವು. ಪಾಲಕ್ಕ ನೆಲದ ಮೇಲೆ ಕೂತು ಬ್ರಷ್ ತೊಳೆಯತೊಡಗಿದರು. ಗೋಡೆ ಮೂಲೆಯಿಂದ ಆರುತ್ತಿತ್ತು. ಹೊಳಪಿನ ಅಂಚು ಒಳಕ್ಕೆ ಸರಿಯುತ್ತಿತ್ತು. ನನಗೆ ಅದನ್ನು ನೋಡುವುದೂ ಕಷ್ಟ, ಬಿಡುವುದೂ ಕಷ್ಟ.

“ಅಕ್ಕಾ,” ಎಂದೆ. “ಐದು ಪರ್ಸೆಂಟ್ ಅಂದ್ರೆ ಇಪ್ಪತ್ತಕ್ಕೊಂದು ಅಲ್ವಾ?”

“ಹೂಂ.”

“ನೀವು ಐದಕ್ಕೊಂದು ಹಾಕಿದ್ರಿ.”

“ಹೂಂ.”

“ಅಷ್ಟು ತೆಳು ಮಾಡಿದ್ರೆ ಅದು ತಡೆಯಲ್ಲ. ಬುಧವಾರದೊಳಗೆ ಮತ್ತೆ ಬರುತ್ತೆ. ಮಗಳು ಬಾಗಿಲಲ್ಲೇ ನೋಡಿ, ಮಗೂನ ಎತ್ಕೊಂಡು ವಾಪಸ್ ಹೋಗ್ತಾರೆ. ಆ ಮಂಚ ಖಾಲಿನೇ ಉಳಿಯುತ್ತೆ. ಇದು ಕೈತಪ್ಪಿ ಆಗಿದ್ದಾ, ಬೇಕಂತಲೇ ಮಾಡಿದ್ದಾ?”

ಪಾಲಕ್ಕ ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಂಡಿದರು. ತಲೆಯೆತ್ತಿ ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು.

“ಬೇಕಂತಲೇ ಮಾಡಿದೆ ಕಣೋ. ಅವಳಿಗೆ ಬಾಡಿಗೆ ಮನೆ ಇದೆ, ಅತ್ತೆ ಇದ್ದಾಳೆ, ಬಸ್ಸಿದೆ. ಈ ಮನುಷ್ಯನಿಗೆ ಇದೊಂದು ಗೋಡೆ ಬಿಟ್ರೆ ಇನ್ನೆಲ್ಲಿದೆ ಜಾಗ?”